ಬೆಲ್ಟ್ ಕಿರುಚಿದರೆ ಮೊದಲು ಪುಲ್ಲಿ ನೋಡಿ

ಮರದ ಕೆಲಸ ಮಾಡುವ ಗೆಳೆಯರೇ, ಹಲಗೆ ಉಜ್ಜಿ ನುಣುಪು ಮಾಡುವ ಡ್ರಮ್ ಸ್ಯಾಂಡರಿನ ಬೆಲ್ಟ್ ಜಾರುತ್ತಿದೆ ಅಂತ ಹೊಸದನ್ನು ತರೋಕೆ ಅಂಗಡಿಗೆ ಓಡಬೇಡಿ. ಮೇನ್ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಬೆಲ್ಟ್ ಓಡುವ ಚಕ್ರ, ಅಂದರೆ ಪುಲ್ಲಿಯ ಗ್ರೂವ್ (ಬೆಲ್ಟ್ ಕೂರುವ ಕೊರೆ) ಒಳಗೆ ಒಮ್ಮೆ ಬೆರಳಾಡಿಸಿ.

ಇದನ್ನು ನಾನು ಎರಡು ಬೆಲ್ಟ್, ಒಂದು ಮೋಟಾರ್ ಬೇರಿಂಗ್ ಕಳೆದುಕೊಂಡು ಕಲಿತೆ. ಸಾಗರದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಗೃಹಪ್ರವೇಶಕ್ಕೆ ಕೊಡಬೇಕಾದ ಬಾಗಿಲಿನ ಹಲಸಿನ ಹಲಗೆ ಮೆಷಿನ್ನಿನಲ್ಲಿತ್ತು. ಅರ್ಧ ಹಲಗೆ ಹೋಗುವಷ್ಟರಲ್ಲಿ ಕಿರ್ರ್ ಅಂತ ಸದ್ದು. ಹೊರಗೆ ಬಂದ ಹಲಗೆಯ ಮೇಲೆ ಬೆರಳಗಲದ ಕಪ್ಪು ಪಟ್ಟಿ. ಮರ ಸುಟ್ಟಿತ್ತು.

ಸುಡುವುದಕ್ಕೆ ಕಾರಣ ಇದೆ. ಈ ಮೆಷಿನ್ನಿನಲ್ಲಿ ಡ್ರಮ್ ತಿರುಗಿಸುವ ಮೋಟಾರ್ ಬೇರೆ, ಹಲಗೆ ತಳ್ಳುವ ಮೋಟಾರ್ ಬೇರೆ. ಬೆಲ್ಟ್ ಜಾರಿದಾಗ ಡ್ರಮ್ ನಿಧಾನ ಆಗುತ್ತದೆ. ಹಲಗೆ ಮಾತ್ರ ಅದೇ ವೇಗದಲ್ಲಿ ಬರುತ್ತಲೇ ಇರುತ್ತದೆ. ಡ್ರಮ್ಮಿಗೆ ಸುತ್ತಿದ ಸ್ಯಾಂಡ್ ಪೇಪರ್ ಮರವನ್ನು ಕತ್ತರಿಸುವುದು ಬಿಟ್ಟು ಸುಮ್ನೆ ಉಜ್ಜುತ್ತದೆ. ಬಿಸಿಗೆ ಮರದ ಅಂಟು ಕರಗಿ ಪೇಪರಿಗೆ ಮೆತ್ತಿಕೊಳ್ಳುತ್ತದೆ.

ಹೊಸ ಬೆಲ್ಟ್ ಹಾಕಿದೆವು. ಎರಡು ತಿಂಗಳಿಗೆ ಮತ್ತೆ ಅದೇ ಗೋಳು. ಇನ್ನೊಂದು ಹಾಕಿ, ಈ ಸಲ ಜಾಸ್ತಿ ಬಿಗಿ ಮಾಡಿದೆವು. ಕಿರುಚಾಟ ನಿಂತಿತು, ಮೋಟಾರ್ ಕಾಯತೊಡಗಿತು, ಕೊನೆಗೆ ಬೇರಿಂಗ್ ಹೋಯಿತು. ರಿಪೇರಿಗೆ ಬಂದ ಹಿರಿಯ ಮೆಕ್ಯಾನಿಕ್ ಬೆಲ್ಟ್ ಕಡೆ ನೋಡಲೇ ಇಲ್ಲ. ಮೋಟಾರ್ ಪುಲ್ಲಿಗೆ ಟಾರ್ಚ್ ಹಿಡಿದು, "ತಮ್ಮಾ, ತಳ ನೋಡು" ಅಂದರು. ಗ್ರೂವಿನ ತಳ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎರಡೂ ಪಕ್ಕ ಸೌಟಿನ ಹಾಗೆ ತಗ್ಗಾಗಿತ್ತು.

ಈ ಮೆಷಿನ್ನಿನದು ವಿ ಬೆಲ್ಟ್, ಅಂದರೆ ಕೆಳಗೆ ಕಿರಿದಾಗುವ V ಆಕಾರದ್ದು. ಅದು ಹಿಡಿಯುವುದು ಗ್ರೂವಿನ ಪಕ್ಕದ ಗೋಡೆಗಳನ್ನು. ಬೆಣೆ ಹೊಡೆದ ಹಾಗೆ ಅಲ್ಲಿ ಸಿಕ್ಕಿಕೊಂಡು ಎಳೆಯುತ್ತದೆ. ತಳ ಮುಟ್ಟಲೇಬಾರದು. ಗೋಡೆ ಸವೆದರೆ ಬೆಲ್ಟ್ ಒಳಗೆ ಇಳಿದು ತಳದ ಮೇಲೆ ಕೂರುತ್ತದೆ. ಆಮೇಲೆ ಎಷ್ಟು ಬಿಗಿದರೂ ಬೆಣೆಯ ಹಿಡಿತ ಸಿಗುವುದಿಲ್ಲ. ಬೇರಿಂಗ್ ಮೇಲೆ ಭಾರ ಬೀಳುತ್ತದೆ, ಅಷ್ಟೇ. ಹೊಸ ಬೆಲ್ಟನ್ನು ಗ್ರೂವಿನಲ್ಲಿ ಕೂರಿಸಿ ನೋಡಿ. ಅದರ ಬೆನ್ನು ಪುಲ್ಲಿಯ ಅಂಚಿಗೆ ಸಮ ಇರಬೇಕು, ಇಲ್ಲವೇ ಚೂರು ಮೇಲಿರಬೇಕು. ಕೆಳಗೆ ಇಳಿದಿದ್ದರೆ ಪುಲ್ಲಿ ಬದಲಿಸಿ.

ಬೆಲ್ಟ್ ಹಾಕುವಾಗ ಸ್ಕ್ರೂಡ್ರೈವರ್ ತೂರಿಸಿ ಮೀಟುವುದನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಒಳಗಿನ ನೂಲು ಹರಿದರೂ ಹೊರಗೆ ಗೊತ್ತಾಗುವುದಿಲ್ಲ, ವಾರದಲ್ಲಿ ಬೆಲ್ಟ್ ಹೋಗುತ್ತದೆ. ಮೋಟಾರಿನ ಬೋಲ್ಟ್ ಸಡಿಲಿಸಿ, ಮೋಟಾರನ್ನೇ ಹತ್ತಿರ ತಂದರೆ ಬೆಲ್ಟ್ ಕೈಯಲ್ಲೇ ಕೂರುತ್ತದೆ. ಆಮೇಲೆ ಎರಡೂ ಪುಲ್ಲಿಗಳ ಮುಖಕ್ಕೆ ಒಂದು ನೇರ ಪಟ್ಟಿ ಹಿಡಿಯಿರಿ. ಅಂಚಿನ ದಪ್ಪ ಎರಡಕ್ಕೂ ಒಂದೇ ಇದ್ದರೆ ನಾಲ್ಕೂ ಕಡೆ ತಾಗಬೇಕು. ಎರಡು ಬೆಲ್ಟಿನ ಮೆಷಿನ್ ಆದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಹಳೆಯದು ಹಿಗ್ಗಿರುತ್ತದೆ, ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ.

ಬಿಗಿಗೆ ಒಂದು ಲೆಕ್ಕ ಇದೆ. ಪುಲ್ಲಿಯಿಂದ ಪುಲ್ಲಿಗೆ ಬೆಲ್ಟಿನ ಉದ್ದ 40 ಸೆಂ.ಮೀ. ಇದ್ದರೆ ನಡುವೆ ಒತ್ತಿದಾಗ ಸುಮಾರು 6 ಮಿ.ಮೀ. ಬಗ್ಗಬೇಕು. ಎಷ್ಟು ಬಲದಿಂದ ಒತ್ತಬೇಕು ಅನ್ನುವುದು ಬೆಲ್ಟ್ ಕಂಪನಿಯ ಚಾರ್ಟಿನಲ್ಲಿ ಇರುತ್ತದೆ. ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಿ, ಹೆಬ್ಬೆರಳ ಅಂದಾಜಿಗಿಂತ ಅದು ಎಷ್ಟೋ ವಾಸಿ. ಹೊಸ ಬೆಲ್ಟ್ ಒಂದೆರಡು ದಿನ ಓಡಿದ ಮೇಲೆ ಗ್ರೂವಿಗೆ ಕೂತು ಸಡಿಲ ಆಗುತ್ತದೆ. ಆಗ ಮತ್ತೊಮ್ಮೆ ಅಳೆದು ಬಿಗಿ ಮಾಡಬೇಕು. ಇದನ್ನು ಮರೆಯುವವರೇ ಜಾಸ್ತಿ.

ಜಾರಬಾರದು ಅಂತ ರಾಳದ ಪುಡಿ ಹಾಕುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಅದು ಹಳೇ ಮಿಲ್ಲುಗಳ ಚಪ್ಪಟೆ ಬೆಲ್ಟಿನ ಅಭ್ಯಾಸ. ನಮ್ಮಲ್ಲಿ ಹಾರುವ ಧೂಳೆಲ್ಲ ಅದಕ್ಕೇ ಅಂಟಿ ಗಟ್ಟಿ ಆಗುತ್ತದೆ. ಕೊನೆಗೆ ಬೆಲ್ಟಿನ ಕವರ್ ವಾಪಸ್ ಹಾಕಿಯೇ ಸ್ವಿಚ್ ಒತ್ತಿ. ಎಷ್ಟೋ ಕಡೆ ಅದು ಮೂಲೆಯಲ್ಲಿ ಬಿದ್ದಿರುವುದನ್ನು ನೋಡಿದ್ದೇನೆ. ಅಂಗಿಯ ತೋಳು ಸಿಕ್ಕಿಕೊಳ್ಳಲು ಒಂದು ಕ್ಷಣ ಸಾಕು, ಅಲ್ವಾ?

ಸಾಗರದ ಕಡೆಯವರಿಗೆ ಅನುಮಾನ ಇದ್ದರೆ ಪುಲ್ಲಿ ಬಿಚ್ಚಿ ನಮ್ಮಲ್ಲಿಗೆ ತನ್ನಿ. ಹೊಸ ಬೆಲ್ಟಿನ ತುಂಡು ಇಟ್ಟುಕೊಂಡಿದ್ದೇನೆ, ಗ್ರೂವಿನಲ್ಲಿ ಕೂರಿಸಿ ನೋಡೋಣ.