ಬೆನ್ನು ತೋರಿಸಿ ನಿಂತ ನಾಯಕಿ

ಆಕೆಯ ಮುಖವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಬೆನ್ನು ಮಾತ್ರ ಚೆನ್ನಾಗಿ ಗೊತ್ತು. ಕೆಂಪು ಕೋಟು, ಇಲ್ಲವೇ ನೀಲಿ ಕೋಟು. ಸೊಂಟಕ್ಕೆ ಬಿಗಿದ ಬೆಲ್ಟು. ಕೈಯಲ್ಲಿ ಹಳೇ ಸೂಟ್‌ಕೇಸು. ಎದುರಿಗೆ ಐಫೆಲ್ ಟವರ್, ಮೇಲೆ ಮೂರು ವಿಮಾನ. ಎರಡನೇ ಮಹಾಯುದ್ಧ, ಜರ್ಮನ್ನರು ಹಿಡಿದುಕೊಂಡ ಫ್ರಾನ್ಸ್, ಅವರ ವಿರುದ್ಧ ಗುಪ್ತ ಹೋರಾಟ, ಅದರಲ್ಲೊಬ್ಬಳು ಧೀರ ಹೆಣ್ಣುಮಗಳು ಎಂದು ಇಂಗ್ಲಿಷಿನಲ್ಲಿ ಸಾಲುಸಾಲಾಗಿ ಬರುತ್ತವಲ್ಲ ಕಾದಂಬರಿಗಳು, ಅವುಗಳ ಮುಖಪುಟದಲ್ಲಿ ಈಕೆ ನಿಂತಿರುತ್ತಾಳೆ. ಲೇಖಕಿ ಬೇರೆ, ಕಥೆ ಬೇರೆ, ಬೆನ್ನು ಅದೇ. ಗ್ರಹಚಾರಕ್ಕೆ ಒಂದು ಪುಸ್ತಕ ಕೊಂಡೆ ನೋಡಿ, ಅವತ್ತಿನಿಂದ ನನ್ನ ಫೋನು ದಿನಾ ಬೆಳಿಗ್ಗೆ ಒಂದೊಂದು ಬೆನ್ನು ತೋರಿಸುತ್ತಿದೆ.

ಹೆಸರಿಡುವುದಂತೂ ಬಹಳ ಸುಲಭ. ಒಂದು ಕಸುಬು ತಗೊಳ್ಳಿ, ಅದರ ಪಕ್ಕ ಒಂದು ನೆಂಟಸ್ತಿಕೆ ಇಡಿ. ಬೀಗ ರಿಪೇರಿಯವನ ಮಗಳು, ಟೋಪಿ ಹೊಲಿಯುವವನ ಸೊಸೆ. ಹೆಣ್ಣಿನ ಸ್ವಂತ ಧೈರ್ಯದ ಕಥೆ ಅಂತ ಹಿಂಬದಿಯಲ್ಲಿ ಬರೆದಿರುತ್ತದೆ. ಮುಂಬದಿಯಲ್ಲಿ ಮಾತ್ರ ಅವಳು ಯಾರದೋ ಮಗಳು, ಯಾರದೋ ಹೆಂಡತಿ.

ಹನ್ನೆರಡು ಓದಿ ಮುಗಿಸಿದ ಮೇಲೆ, ಹದಿಮೂರನೆಯದನ್ನು ನಾನೇ ಬರೆದರೆ ಹೇಗೆ ಅನ್ನಿಸಿತು. ಕೂತೆ. ಕೂತ ತಕ್ಷಣ ನನ್ನ ತಲೆಯೊಳಗೆ ಒಬ್ಬ ಪ್ರಕಾಶಕರು ಬಂದು ಕುರ್ಚಿ ಎಳೆದುಕೊಂಡರು.

"ಅಟ್ಟದಿಂದ ಶುರು ಮಾಡಿ" ಅಂದರು.

ಸರಿ, ಅಟ್ಟ. ಅಜ್ಜಿ ತೀರಿಕೊಂಡಿದ್ದಾಳೆ. ಮೊಮ್ಮಗಳಿಗೆ ಈಗಷ್ಟೇ ಡೈವೋರ್ಸ್ ಆಗಿದೆ. ಅಟ್ಟ ಗುಡಿಸಲು ಹತ್ತಿದರೆ ತಗಡಿನ ಡಬ್ಬಿ. ಅದರಲ್ಲಿ ಕಾಗದದ ಕಟ್ಟು, ಒಂದು ಫೋಟೊ, ಡೈರಿ. ಗುಪ್ತ ಹೋರಾಟದ ಒಂದೊಂದು ದಿನವನ್ನೂ ಅಜ್ಜಿ ನೀಟಾಗಿ ಬರೆದಿಟ್ಟಿದ್ದಾಳೆ. ಇವತ್ತು ಯಾರು ಸಿಕ್ಕರು, ಅವರ ನಿಜವಾದ ಹೆಸರೇನು, ಬಾಂಬು ಯಾವ ಕಪಾಟಿನ ಹಿಂದಿದೆ. ಇಂಥ ಅಜ್ಜಿ ಊರಿಗೊಬ್ಬಳು ಇದ್ದಿದ್ದರೆ ಹಿಟ್ಲರನ ಗುಪ್ತ ಪೊಲೀಸರಾದ ಗೆಸ್ಟಾಪೊದವರು ಬೇರೆ ಗೂಢಚಾರರಿಗೆ ಸಂಬಳ ಕೊಡಬೇಕಾಗಿರಲಿಲ್ಲ.

ನಿಜವಾದ ಹೋರಾಟದಲ್ಲಿ ಕಾಗದ ಇಟ್ಟುಕೊಂಡರೆ ಏನಾಗುತ್ತಿತ್ತು ಅನ್ನುವುದಕ್ಕೆ ಒಂದು ದಾಖಲೆ ಇದೆ. 1943ರ ಜೂನ್‌ನಲ್ಲಿ ಬ್ರಿಟನ್ನಿನ ಗುಪ್ತಪಡೆ ನೂರ್ ಇನಾಯತ್ ಖಾನ್ ಎಂಬ ಹುಡುಗಿಯನ್ನು ರಾತ್ರಿ ಪುಟ್ಟ ವಿಮಾನದಲ್ಲಿ ಫ್ರಾನ್ಸಿಗೆ ಇಳಿಸಿತು. ಕೆಲಸ, ವೈರ್‌ಲೆಸ್‌ನಲ್ಲಿ ಲಂಡನ್ನಿಗೆ ಸಂದೇಶ ಕಳಿಸುವುದು. ಸೂಟ್‌ಕೇಸಿನೊಳಗಿನ ಆ ಯಂತ್ರ ಹತ್ತಿರ ಹತ್ತಿರ 15 ಕೆಜಿ. ಮುಖಪುಟದವಳು ಅದನ್ನು ಎರಡು ಬೆರಳಲ್ಲಿ ತೂಗಾಡಿಸಿಕೊಂಡು ಹೋಗುತ್ತಾಳೆ, ಇರಲಿ. ನೂರ್ ಬಂದಿಳಿದ ಕೆಲವೇ ದಿನದಲ್ಲಿ ಅವಳ ತಂಡದವರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ವಾಪಸ್ ಬಾ ಎಂದರೆ ಬರಲಿಲ್ಲ. ಮನೆ ಬದಲಾಯಿಸುತ್ತಾ, ಯಂತ್ರ ಹೊರುತ್ತಾ, ಅಕ್ಟೋಬರ್‌ವರೆಗೆ ಸಂದೇಶ ಕಳಿಸುತ್ತಲೇ ಇದ್ದಳು. ಸಿಕ್ಕಿಬಿದ್ದಾಗ ಅವಳ ಜೊತೆ ಒಂದು ನೋಟ್‌ಬುಕ್ಕೂ ಸಿಕ್ಕಿತು. ಕಳಿಸಿದ ಸಂದೇಶವನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದಳು. ಮೇಲಿನವರ ಸೂಚನೆಯನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದಳು ಅನ್ನುತ್ತಾರೆ. ಜರ್ಮನ್ನರು ಅವಳ ಯಂತ್ರದ ಮುಂದೆ ಕೂತು ಅವಳ ಹೆಸರಿನಲ್ಲೇ ಲಂಡನ್ನಿಗೆ ಬರೆಯತೊಡಗಿದರು. ಲಂಡನ್ ನಂಬಿತು. 1944ರ ಫೆಬ್ರವರಿ ಕೊನೆಯಲ್ಲಿ ಪ್ಯಾರಾಚೂಟಿನಲ್ಲಿ ಇಳಿದ ಮದ್ಲೆನ್ ದಾಮೆರ್ಮಾಂ ಎಂಬ ಇನ್ನೊಬ್ಬ ಗೂಢಚಾರಿಣಿಯನ್ನು ಸ್ವಾಗತಿಸಲು ಹೊಲದಲ್ಲಿ ನಿಂತಿದ್ದವರು ಗೆಸ್ಟಾಪೊದವರು. ಸೆಪ್ಟೆಂಬರ್ 13ರಂದು ನಾಜಿಗಳ ಡಖಾವ್ ಬಂದಿ ಶಿಬಿರದಲ್ಲಿ ನಾಲ್ವರು ಹೆಂಗಸರನ್ನು ಗುಂಡಿಟ್ಟು ಕೊಂದರು. ಅವರಲ್ಲಿ ಮದ್ಲೆನ್ ಇದ್ದಳು, ನೂರ್ ಕೂಡ ಇದ್ದಳು.

"ಇದು ಭಾರವಾಯ್ತು" ಅಂದರು ಪ್ರಕಾಶಕರು. "ಡಬ್ಬಿ ಇರಲಿ. ಮುಂದಿನ ಅಧ್ಯಾಯದಲ್ಲಿ ಸ್ವಲ್ಪ ಪ್ಯಾರಿಸ್ ತೋರಿಸಿ. ಓದುಗರಿಗೆ ಪ್ಯಾರಿಸ್ ಬೇಕು."

ಪ್ಯಾರಿಸ್ ಅಂದರೆ ಸೈಕಲ್. ಸೈಕಲ್ಲಿನ ಬುಟ್ಟಿಯಲ್ಲಿ ಹೂವು, ಹೂವಿನ ಪಕ್ಕ ಉದ್ದನೆಯ ಬ್ರೆಡ್, ಬ್ರೆಡ್ಡಿನ ಕೆಳಗೆ ಪಿಸ್ತೂಲು. ಪಿಸ್ತೂಲನ್ನು ನಂಬುತ್ತೇನೆ. ಬ್ರೆಡ್ ಎಲ್ಲಿಂದ ಬಂತು? 1941ರಲ್ಲಿ ಪ್ಯಾರಿಸ್ಸಿನ ದೊಡ್ಡವರಿಗೆ ರೇಷನ್ ಕಾರ್ಡಿನ ಮೇಲೆ ದಿನಕ್ಕೆ ಸಿಗುತ್ತಿದ್ದದ್ದು 275 ಗ್ರಾಂ. ಅಂದರೆ ಆ ಒಂದು ಬ್ರೆಡ್ಡೇ ಇಡೀ ದಿನದ ಪಾಲು. ಅದನ್ನು ಬುಟ್ಟಿಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಊರು ಸುತ್ತುವ ಹೆಂಗಸನ್ನು ಗೆಸ್ಟಾಪೊಗಿಂತ ಮೊದಲು ಅಕ್ಕಪಕ್ಕದವರೇ ಹಿಡಿಯುತ್ತಿದ್ದರು. ನಾಯಕಿ ಕ್ರೊಸಾಂ ಬೇರೆ ತಿನ್ನುತ್ತಾಳೆ. ಬೆಣ್ಣೆಗೂ ಕೂಪನ್ ಇದ್ದ ಕಾಲ ಅದು. ಕಾಫಿಯ ಹೆಸರಿನಲ್ಲಿ ಜನ ಚಿಕೋರಿ ಬೇರು ಹುರಿದು ಕುಡಿಯುತ್ತಿದ್ದರು. ದನಕ್ಕೆ ಹಾಕುವ ಗೆಡ್ಡೆ ಬೇಯಿಸಿ ತಿನ್ನುತ್ತಿದ್ದರು. ಚಪ್ಪಲಿಗೆ ಮರದ ಅಟ್ಟೆ. ಕಾಲುಚೀಲ ಸಿಗದೆ ಹೆಂಗಸರು ಕಾಲಿಗೇ ಬಣ್ಣ ಬಳಿದುಕೊಂಡು, ಹಿಂದುಗಡೆ ಹೊಲಿಗೆಯ ಗೆರೆಯನ್ನು ಪೆನ್ಸಿಲ್ಲಿನಲ್ಲಿ ಎಳೆದುಕೊಳ್ಳುತ್ತಿದ್ದರು. ಈ ಗೆರೆ ಎಷ್ಟು ಚೆನ್ನಾಗಿದೆ ಅಲ್ವಾ! ಒಬ್ಬಳು ಬಗ್ಗಿ, ಉಸಿರು ಹಿಡಿದು, ಇನ್ನೊಬ್ಬಳ ಮೀನಖಂಡದ ಮೇಲೆ ನೇರ ಗೆರೆ ಎಳೆಯುವುದು. ಕಾದಂಬರಿಯ ನಾಯಕಿಗೆ ಇದರ ಅಗತ್ಯವೇ ಬಿದ್ದಿಲ್ಲ. ಅವಳ ಕಾಲುಚೀಲ ನಾನೂರು ಪುಟದಲ್ಲಿ ಒಮ್ಮೆಯೂ ಹರಿಯುವುದಿಲ್ಲ.

ಆಮೇಲೆ ಐಫೆಲ್ ಟವರ್. ಅದರ ತುದಿಯಲ್ಲಿ ಪ್ರೇಮಿಯ ಭೇಟಿ ಇಟ್ಟಿದ್ದೆ. 1940ರಲ್ಲಿ ಜರ್ಮನ್ನರು ಬರುವ ಹೊತ್ತಿಗೆ ಫ್ರೆಂಚರು ಲಿಫ್ಟಿನ ಕೇಬಲ್ ಕತ್ತರಿಸಿಬಿಟ್ಟಿದ್ದರು, ಬಾವುಟ ಕಟ್ಟಲು ಜರ್ಮನ್ ಸೈನಿಕರು ಮೆಟ್ಟಿಲು ಹತ್ತಬೇಕಾಯಿತು, ಟವರ್ ಜನರಿಗೆ ಮುಚ್ಚಿತ್ತು ಅನ್ನುವುದು ಆಮೇಲೆ ನೆನಪಾಯಿತು. ತುದಿಯವರೆಗೆ 1,600ಕ್ಕೂ ಜಾಸ್ತಿ ಮೆಟ್ಟಿಲು. ಮರದ ಅಟ್ಟೆ ಚಪ್ಪಲಿಯಲ್ಲಿ ಹತ್ತಿ ಹೋಗಿ "ಐ ಲವ್ ಯೂ" ಅನ್ನಲು ಉಸಿರು ಉಳಿದಿರುತ್ತಾ? ಭೇಟಿಯನ್ನು ಕೆಳಗಿಳಿಸಿದೆ.

ಪ್ರೇಮಿ ಯಾರು ಅಂತ ನೀವು ಕೇಳಲಿಲ್ಲ. ಜರ್ಮನ್ ಅಧಿಕಾರಿ. ಇನ್ಯಾರು? ನೀಲಿ ಕಣ್ಣು, ಪಿಯಾನೊ ನುಡಿಸುತ್ತಾನೆ, ಯುದ್ಧ ಅಂದರೆ ಆಗುವುದಿಲ್ಲ. ಇಂಥವರು ಎಷ್ಟು ಜನ ಸಿಗುತ್ತಾರೆಂದರೆ, ಇಷ್ಟೊಂದು ಪಿಯಾನೊದವರನ್ನು ಇಟ್ಟುಕೊಂಡು ಹಿಟ್ಲರ್ ಪೋಲೆಂಡನ್ನಾದರೂ ಹೇಗೆ ಗೆದ್ದ ಅನ್ನಿಸುತ್ತದೆ. ಹದಿನೇಳನೇ ಅಧ್ಯಾಯದಲ್ಲಿ ಅವನು ಅವಳಿಗೋಸ್ಕರ ಸಾಯುತ್ತಾನೆ. ಅವಳು ಅಮೆರಿಕಕ್ಕೆ ಹೋಗಿ, ಆ ಅಟ್ಟವಿರುವ ಮನೆ ಕೊಳ್ಳುತ್ತಾಳೆ. ನಿಜವಾಗಿ 1944ರಲ್ಲಿ ಜರ್ಮನ್ನರು ಓಡಿದ ಮೇಲೆ ಇಂಥ ಪ್ರೇಮಕ್ಕೆ, ಎಷ್ಟೋ ಕಡೆ ಬರೀ ಅಂಥ ಗುಮಾನಿಗೆ, ಊರ ಚೌಕದಲ್ಲಿ ಕುರ್ಚಿ ಹಾಕಿ ಕೂರಿಸಿ ತಲೆ ಬೋಳಿಸಿದರು. ಸುಮಾರು 20,000 ಹೆಂಗಸರಿಗೆ ಹೀಗಾಯಿತು. ಕತ್ತರಿ ಹಿಡಿದವರಲ್ಲಿ ಹೋದ ವಾರವಷ್ಟೇ ದೇಶಭಕ್ತರಾದವರೂ ಇದ್ದರು. ಅಂಥವರಿಗೆ ಫ್ರೆಂಚರೇ ಒಂದು ಹೆಸರಿಟ್ಟಿದ್ದಾರೆ, 'ಸೆಪ್ಟೆಂಬರಿನವರು' ಅಂತ. ನಾಲ್ಕು ವರ್ಷ ಬೀರುವಿನಲ್ಲಿದ್ದ ಯೂನಿಫಾರ್ಮನ್ನು ಗೆದ್ದ ಮೇಲೆ ಹೊರಗೆ ತೆಗೆದು ಹಾಕಿಕೊಂಡು ಬಂದ ಅಧಿಕಾರಿಗಳಿಗೆ ಇನ್ನೂ ಒಳ್ಳೆಯ ಹೆಸರು: 'ನುಸಿಗುಳಿಗೆಯವರು'.

"ತಲೆ ಬೋಳಿಸೋದು ಬೇಡ. ಮುಖಪುಟದಲ್ಲಿ ಕೂದಲು ಹಾರಬೇಕು."

ಹಾಗಾದರೆ ಕಟ್ಟುಕಥೆ ಬಿಟ್ಟು ನಿಜವಾದ ನಾಯಕಿಯರನ್ನೇ ಕರೆತರುತ್ತೇನೆ ಅಂದೆ. ಸಂದರ್ಶನ ಮಾಡಿ, ಆರಿಸಿಕೊಳ್ಳಿ ಅಂದೆ. ಪ್ರಕಾಶಕರು ಕನ್ನಡಕ ಏರಿಸಿ ಕೂತರು.

ಮೊದಲು ವರ್ಜೀನಿಯಾ ಹಾಲ್. ಅಮೆರಿಕದವಳು, ಲಿಯಾಂ ಊರಿನಲ್ಲಿ ಕೂತು ಜಾಲ ನಡೆಸಿದವಳು. ಒಂದು ಕಾಲು ಮರದ್ದು. ಅದಕ್ಕೆ ಅವಳು 'ಕತ್‌ಬರ್ಟ್' ಅಂತ ಹೆಸರಿಟ್ಟಿದ್ದಳು. 1942ರ ನವೆಂಬರ್‌ನಲ್ಲಿ ಆ ಕಾಲಿನಲ್ಲೇ ಹಿಮದ ಪಿರನೀಸ್ ಬೆಟ್ಟ ದಾಟಿದಳು. ಕತ್‌ಬರ್ಟ್ ತೊಂದರೆ ಕೊಡುತ್ತಿದ್ದಾನೆ ಎಂದು ಲಂಡನ್ನಿಗೆ ತಿಳಿಸಿದರೆ, ತೊಂದರೆ ಕೊಟ್ಟರೆ ಮುಗಿಸಿಬಿಡಿ ಎಂದು ಉತ್ತರ ಬಂತಂತೆ. ಯಾರೋ ಮನುಷ್ಯ ಅಂದುಕೊಂಡಿದ್ದರು.

"ಕೋಟನ್ನ ಇನ್ನೊಂದು ಗೇಣು ಉದ್ದ ಮಾಡಿಸೋಣ" ಅಂದರು ಪ್ರಕಾಶಕರು. "ಮುಂದಿನವರು?"

ರೋಸ್ ವಲ್ಲಾಂ. ಪ್ಯಾರಿಸ್ಸಿನ ಒಂದು ಮ್ಯೂಸಿಯಂನಲ್ಲಿ ನೌಕರಿ. ದೋಚಿದ ಚಿತ್ರಗಳನ್ನೆಲ್ಲ ನಾಜಿಗಳು ಅಲ್ಲಿಗೇ ತಂದು ಸುರಿಯುತ್ತಿದ್ದರು. ಇವಳಿಗೆ ಜರ್ಮನ್ ಬರುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. ದುಂಡು ಕನ್ನಡಕ, ಬಿಗಿಯಾಗಿ ಕಟ್ಟಿದ ಕೂದಲು, ಯಾರೂ ಎರಡನೇ ಸಲ ನೋಡದ ಹೆಂಗಸು. ಯಾವ ಚಿತ್ರ ಯಾವ ರೈಲಿನಲ್ಲಿ ಎಲ್ಲಿಗೆ ಹೋಯಿತು ಎಂದು ನಾಲ್ಕು ವರ್ಷ ಬರೆದಿಟ್ಟಳು. ಅಟ್ಟದ ಅಜ್ಜಿಗೂ ಇವಳಿಗೂ ಇರುವ ವ್ಯತ್ಯಾಸ ಇಷ್ಟೇ: ಇವಳು ಬರೆದದ್ದು ಕಳ್ಳರ ವಿಳಾಸ, ಗೆಳೆಯರದ್ದಲ್ಲ.

"ಕನ್ನಡಕ ತೆಗೆಸಿದರೆ ನೋಡಬಹುದು."

ಮಾರಿ ಮದ್ಲೆನ್ ಫುರ್ಕಾದ್. ಸುಮಾರು 3,000 ಜನರ ಜಾಲದ ಮುಖ್ಯಸ್ಥೆ. ಎಲ್ಲರಿಗೂ ಪ್ರಾಣಿಗಳ ಹೆಸರಿಟ್ಟು, ತಾನು ಮುಳ್ಳುಹಂದಿ ಅಂತ ಇಟ್ಟುಕೊಂಡಳು. ಒಮ್ಮೆ ಅಂಚೆ ಚೀಲದೊಳಗೆ ಮುದುರಿ ಕೂತು ಸ್ಪೇನ್ ಗಡಿ ದಾಟಿದಳು. 1944ರಲ್ಲಿ ಸಿಕ್ಕಿಬಿದ್ದಾಗ ರಾತ್ರಿ ಬಟ್ಟೆ ಬಿಚ್ಚಿ, ಫ್ರಾಕನ್ನು ಹಲ್ಲಲ್ಲಿ ಕಚ್ಚಿಕೊಂಡು, ಕಿಟಕಿಯ ಸರಳುಗಳ ನಡುವೆ ನುಸುಳಿ ತಪ್ಪಿಸಿಕೊಂಡಳು.

"ಇದನ್ನ ಯಾರ್ರೀ ನಂಬ್ತಾರೆ? ಸ್ವಲ್ಪ ನಿಜ ಅನ್ನಿಸೋ ಹಾಗೆ ಬರೀರಿ."

ಲೋರ್ ದಿಬೋಲ್ಡ್. ಹೋರಾಟದ ದೊಡ್ಡ ನಾಯಕ ಝಾನ್ ಮುಲಾಂಗೆ ಕಾರ್ಯದರ್ಶಿ. ಟೈಪ್ ಮಾಡುವುದು, ಸಂಕೇತ ಬಿಡಿಸುವುದು, ಮತ್ತೆ ಟೈಪ್ ಮಾಡುವುದು. ಮದುವೆಯಾಗಿತ್ತು, ಗಂಡನೂ ಇದೇ ಕೆಲಸದಲ್ಲಿದ್ದ. ಪ್ರಕಾಶಕರು ಮದುವೆಯ ವಿಷಯ ಕೇಳಿದ ತಕ್ಷಣ ಫೈಲು ಮುಚ್ಚಿದರು.

ಸಿಮೋನ್ ಮಿಶೆಲ್ ಲೆವಿ. ಅಂಚೆ ಇಲಾಖೆಯ ನೌಕರಳು. ಇಲಾಖೆಯ ದಾರಿಯಲ್ಲೇ ಹೋರಾಟದ ಟಪಾಲು ಸಾಗಿಸಿದಳು. ಹಿಡಿದು ಶಿಬಿರಕ್ಕೆ ಕಳಿಸಿದರು, ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿಸಿದರು. ಅಲ್ಲೂ ಯಂತ್ರ ಕೆಡಿಸಿದಳು. 1945ರ ಏಪ್ರಿಲ್ 13ರಂದು ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು. ಏಪ್ರಿಲ್ 23ರಂದು ಅಮೆರಿಕದ ಸೈನ್ಯ ಅಲ್ಲಿಗೆ ತಲುಪಿತು.

"ಬರೀ ಹತ್ತು ದಿನ ತಾನೆ" ಅಂದರು ಪ್ರಕಾಶಕರು. "ಅಡ್ಜಸ್ಟ್ ಮಾಡಿ."

ನನಗೆ ಸಿಟ್ಟು ಬಂತು. ಇಂಥ ಹೆಂಗಸರಿಗೆ ನೀವು ಮಾಡುವ ಮರ್ಯಾದೆ ಇದೇನಾ ಅಂತ ಕೂಗಾಡಿದೆ. ಅವರು ಸುಮ್ನೆ ನನ್ನ ಮುಂದೆ ಒಂದು ಲೆಕ್ಕ ಇಟ್ಟರು. ಹೋರಾಟಗಾರರಿಗೆಂದು ಫ್ರೆಂಚ್ ನಾಯಕ ದ ಗಾಲ್ 1940ರಲ್ಲಿ ಒಂದು ದೊಡ್ಡ ಗೌರವ ಶುರು ಮಾಡಿದರಲ್ಲ, ಅದು ಸಿಕ್ಕಿದ್ದು 1,038 ಜನರಿಗೆ. ಹೆಂಗಸರು 6. ಅವರಲ್ಲಿ ನಾಲ್ವರಿಗೆ ಸತ್ತ ಮೇಲೆ. 3,000 ಜನರನ್ನು ನಡೆಸಿದ ಮುಳ್ಳುಹಂದಿಯ ಹೆಸರು ಆ ಪಟ್ಟಿಯಲ್ಲಿಲ್ಲ.

"ನಮ್ಮಲ್ಲಿ ಒಂದೇ ಕಪಾಟಿನಲ್ಲಿ 6 ಬೆನ್ನು ಸಿಗುತ್ತೆ" ಅಂದರು. "ನಾವೇ ವಾಸಿ ಅಲ್ವಾ?"

ನಾನು ಬಾಯಿ ಮುಚ್ಚಿದೆ. ಸರ್ಕಾರದ ಕಥೆಯಲ್ಲಿ ಕಾದಂಬರಿಗಿಂತ ಜಾಸ್ತಿ ಕಲ್ಪನೆ ಇದೆ. 1949ರಲ್ಲಿ ಕಾನೂನು ಮಾಡಿ ಹೋರಾಟಗಾರರಿಗೆ ಕಾರ್ಡ್ ಕೊಡಲು ಹೊರಟರು. ಮಿತ್ರಪಡೆ ಫ್ರಾನ್ಸಿನಲ್ಲಿ ಬಂದಿಳಿದ 1944ರ ಜೂನ್ 6ಕ್ಕೆ ಮೊದಲು 90 ದಿನ ಕೆಲಸ ಮಾಡಿದ್ದಕ್ಕೆ ರುಜುವಾತು ಬೇಕು ಅಂದರು. ಕಾಗದ ಇಟ್ಟುಕೊಂಡರೆ ಪ್ರಾಣ ಹೋಗುವ ಕೆಲಸಕ್ಕೆ ಕಾಗದ ತನ್ನಿ ಅಂದ ಹಾಗೆ. ತಲೆಮರೆಸಿಕೊಂಡವರಿಗೆ ಗಂಜಿ ಬೇಯಿಸಿ ಹಾಕಿದವಳು, ಹಿತ್ತಿಲ ಕೋಣೆಯಲ್ಲಿ ಪೈಲಟ್‌ನನ್ನು ಮಲಗಿಸಿದವಳು ಏನು ತರಬೇಕು? ಖಾಲಿ ಪಾತ್ರೆಯಾ? ಬಹಳಷ್ಟು ಹೆಂಗಸರು ಅರ್ಜಿಯನ್ನೇ ಹಾಕಲಿಲ್ಲ. ಓಟು ಹಾಕಲು ಬಿಟ್ಟಿದ್ದೇ 1945ರ ಏಪ್ರಿಲ್‌ನಲ್ಲಿ. ರೈಲು ಹಳಿ ಹಾರಿಸಲು ಯಾರೂ ಗಂಡನ ಸಹಿ ಕೇಳಿರಲಿಲ್ಲ. ಬ್ಯಾಂಕಿನಲ್ಲಿ ಗಂಡನ ಒಪ್ಪಿಗೆ ಇಲ್ಲದೆ ತನ್ನ ಹೆಸರಲ್ಲಿ ಖಾತೆ ತೆರೆಯಲು 1965ರ ಕಾನೂನು ಬರಬೇಕಾಯಿತು.

ಪ್ಯಾರಿಸ್ಸಿನಲ್ಲಿ ಪಾಂತೆಯೋಂ ಅಂತ ಒಂದು ಕಟ್ಟಡ ಇದೆ, ದೇಶದ ದೊಡ್ಡವರನ್ನು ಇರಿಸುವ ಜಾಗ. ಬಾಗಿಲ ಮೇಲೆ 'ಮಹಾಪುರುಷರಿಗೆ, ಋಣಿಯಾದ ತಾಯ್ನಾಡಿನಿಂದ' ಅಂತ ಕೆತ್ತಿದೆ. ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಪೆಟ್ಟಿಗೆಯೊಳಗೆ ಅಡಗಿ ಕೂತು ಅಲ್ಲಿನ ಬದುಕನ್ನೇ ಗೇಲಿ ಮಾಡುವ ಸಂಗೀತ ನಾಟಕ ಬರೆದ ಜೆರ್ಮೆನ್ ತಿಯೋಂ ಆ ಬಾಗಿಲು ದಾಟಿದ್ದು 2015ರಲ್ಲಿ, ಅದೂ ಸಮಾಧಿಯ ಹಿಡಿ ಮಣ್ಣಾಗಿ. 2024ರಲ್ಲಿ ಮಿಸಾಕ್ ಮನೂಷಿಯಾಂ ಎಂಬ ಹೋರಾಟಗಾರನನ್ನು ಒಳಗೆ ಕರೆದರು. ಜೊತೆಗೆ ಮೆಲಿನೆಯನ್ನೂ ತಂದು ಪಕ್ಕದಲ್ಲಿ ಇಟ್ಟರು. ಅವಳೂ ಅದೇ ಹೋರಾಟದವಳು. ಗೌರವ ಮಾತ್ರ ಅವನದು, ಅವಳು ಹೆಂಡತಿ. ಬೀಗ ರಿಪೇರಿಯವನ ಮಗಳು ಅಂತ ಪುಸ್ತಕಕ್ಕೆ ಹೆಸರಿಡುವವರನ್ನು ನಾನು ಇನ್ನು ಬೈಯುವುದು ಹೇಗೆ?

"ಒಂದೇ ಒಂದು ಕೊನೆಯ ಹೆಸರು" ಅಂದೆ ಪ್ರಕಾಶಕರಿಗೆ. "ಕನ್ನಡದಲ್ಲೇ ಬರೀತೀನಿ. ನೋಟ್‌ಬುಕ್ಕಿನ ನೂರ್. ಸೂಫಿ ಸಂಗೀತಗಾರನ ಮಗಳು. ಹಾರ್ಪ್ ನುಡಿಸುತ್ತಿದ್ದಳು. ಜಾತಕ ಕಥೆಗಳನ್ನು ಮಕ್ಕಳಿಗಾಗಿ ಬರೆದಿದ್ದಳು. ತರಬೇತಿ ಕೊಟ್ಟವರಲ್ಲೇ ಒಬ್ಬರು, ಇವಳಿಗೆ ಬುದ್ಧಿಯ ಹೊರೆ ಅಷ್ಟೇನಿಲ್ಲ ಎಂಬರ್ಥದಲ್ಲಿ ಷರಾ ಬರೆದಿದ್ದರು. ಮತ್ತೆ, ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ವಂಶದವಳು."

ಪ್ರಕಾಶಕರು ಕುರ್ಚಿಯಿಂದ ಅರ್ಧ ಎದ್ದರು.

"ಟಿಪ್ಪುನಾ? ಮೊದಲೇ ಹೇಳಬಾರದಾ! ಪುಸ್ತಕ ಅಚ್ಚಾಗೋ ಮುಂಚೆನೇ ಊರಲ್ಲಿ ಎರಡು ಪಾರ್ಟಿ ಆಗುತ್ತೆ. ಪ್ರಚಾರದ ಖರ್ಚೇ ಇಲ್ಲ. ಮುಖಪುಟದಲ್ಲಿ ಒಂದು ಹುಲಿ ಹಾಕಿಸಿ. ಹಿಂದೆ ಐಫೆಲ್ ಟವರ್."

"ಅವಳ ಫೋಟೊ ಇದೆ. 2014ರಲ್ಲಿ ಬ್ರಿಟನ್ನಿನವರು ಅಂಚೆ ಚೀಟಿಯಲ್ಲೂ ಹಾಕಿದ್ದಾರೆ. ಮುಖ ಚೆನ್ನಾಗಿ ಕಾಣಿಸುತ್ತೆ."

"ಮುಖ ಇದೆಯಾ?" ಅಂದರು. ಸ್ವಲ್ಪ ಹೊತ್ತು ಯೋಚಿಸಿದರು. "ಅದು ಹುಲಿಗೆ ಇರಲಿ. ಇವಳನ್ನ ಆ ಕಡೆ ತಿರುಗಿಸಿ."