ದುಡ್ಡು ಮುಟ್ಟಿದ ಮೇಲೆ ಮಗು ಏನಾಯಿತು?

ಯಾದಗಿರಿ ಜಿಲ್ಲೆಯಲ್ಲಿ ತಂದೆ ತೀರಿಕೊಂಡ ಮಗುವಿಗೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ, ಅಂದರೆ ಸಾಕುವ ಖರ್ಚಿನ ನೆರವು, ಮಂಜೂರಾದರೆ ತಿಂಗಳಿಗೆ 4,000 ರೂಪಾಯಿ. ಬಡವರ ಮನೆಗೆ ಅದು ದೊಡ್ಡ ಆಸರೆ. ನಾನಿರುವ ಕೆನ್ಯಾದಲ್ಲಿ ಅನಾಥ ಮಕ್ಕಳನ್ನು ಸಾಕುವ ಮನೆಗೆ ಒಂದು ಕಾಲಕ್ಕೆ ತಿಂಗಳಿಗೆ 1,500 ಶಿಲ್ಲಿಂಗ್ ಕೊಡುತ್ತಿದ್ದರು, ಆಮೇಲೆ 2,000 ಆಯಿತು. ಮನೆಯಲ್ಲಿ ಎಷ್ಟೇ ಮಕ್ಕಳಿರಲಿ, ಅಷ್ಟೇ. ಮಗುವಿನ ಲೆಕ್ಕದಲ್ಲಿ ಕೊಡುವ ನಮ್ಮ ಪದ್ಧತಿಯೇ ಮೇಲು ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಆದರೆ ಕೊಟ್ಟ ಮೇಲೆ ಮನೆ ಮನೆಗೆ ಹೋಗಿ ಕೇಳುವುದನ್ನು ಅವರಿಂದ ಕಲಿಯಬೇಕು.

ಏಡ್ಸ್‌ನಿಂದ ತಬ್ಬಲಿಯಾದ ಮಕ್ಕಳಿಗಾಗಿ ಕೆನ್ಯಾ 2004ರಲ್ಲಿ ಇದನ್ನು ಪ್ರಾಯೋಗಿಕವಾಗಿ ಶುರು ಮಾಡಿತು. 2007ರಿಂದ 2009ರವರೆಗೆ ನಡೆದ ಮೌಲ್ಯಮಾಪನದಲ್ಲಿ ಹಣ ಸಿಕ್ಕ ಕಡೆಯ ಮನೆಗಳನ್ನೂ ಇನ್ನೂ ಸಿಗದ ಕಡೆಯ ಮನೆಗಳನ್ನೂ ಹೋಲಿಸಿ ನೋಡಿದರು. ಪ್ರಾಥಮಿಕ ಶಾಲೆಯ ದಾಖಲಾತಿ ಹೆಚ್ಚೇನೂ ಬದಲಾಗಿರಲಿಲ್ಲ. ಅಲ್ಲಿ ಶುಲ್ಕ 2003ರಲ್ಲೇ ರದ್ದಾಗಿತ್ತು. ಪ್ರೌಢಶಾಲೆಗೆ ಹೋಗುವವರು ಮಾತ್ರ ಹೆಚ್ಚಿದ್ದರು. ದುಡ್ಡು ಎಲ್ಲಿ ಕೆಲಸ ಮಾಡಿತು, ಎಲ್ಲಿ ಮಾಡಲಿಲ್ಲ ಎಂಬುದು ಹೀಗೆ ಹೊರಬಿತ್ತು.

ನಮ್ಮಲ್ಲಿ ಸಭೆಗಳಲ್ಲಿ ಕೇಳುವುದು ಎಷ್ಟು ಅರ್ಜಿ ಬಂದವು, ಎಷ್ಟು ಮಂಜೂರಾದವು ಎಂದು. ದೀಪಾವಳಿ ಮುಗಿದು ಮನೆಯವರು ಪುಣೆಗೋ ಬೆಂಗಳೂರಿಗೋ ಗುಳೆ ಹೊರಟಾಗ ಆ ಮಗು ಊರಲ್ಲೇ ಉಳಿದು ಶಾಲೆಗೆ ಹೋಯಿತೇ? ನನ್ನ ಮಟ್ಟಿಗೆ ಅಸಲಿ ಪ್ರಶ್ನೆ ಅದು. ಹಾಜರಿ ಪುಸ್ತಕದಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗಿನ ಪುಟ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಉಳಿದರ್ಧ ಮನೆಯಲ್ಲಿದೆ. ಕಳೆದ ಸಲ ಸುರಪುರದ ಕಡೆ ಹೋದಾಗ ಮೊಮ್ಮಗನನ್ನು ಸಾಕುತ್ತಿರುವ ಒಬ್ಬ ಆಯಿ ಸಿಕ್ಕರು. ಹತ್ತಿ ಬಿಡಿಸಿ ಬಿಡಿಸಿ ಹೆಬ್ಬೆಟ್ಟಿನ ಗೆರೆ ಸವೆದಿದೆ, ದುಡ್ಡು ತೆಗೆಯಲು ಬೆರಳಚ್ಚು ನೋಡುವ ಯಂತ್ರ ಗುರುತು ಹಿಡಿಯುವುದಿಲ್ಲ. "ರೊಕ್ಕ ಬಂದದ ಅಂತಾರ್ರಿ, ನನ್ನ ಕೈಗೆ ಬಂದಿಲ್ಲ" ಎಂದರು. ಕಾಗದದ ಮೇಲೆ ಆ ಹುಡುಗ ಫಲಾನುಭವಿ. ತಂದೆ ಸತ್ತದ್ದು ಪುಣೆಯ ಕಟ್ಟಡ ಕೆಲಸದಲ್ಲಿ. ಅಲ್ಲಿಂದ ಮರಣ ಪ್ರಮಾಣಪತ್ರ ತರಿಸಿಕೊಳ್ಳಲು ಆಕೆ ಪಟ್ಟ ಪಾಡು ಬೇರೆ. ಇಂಥ ಓಡಾಟದ ಖರ್ಚನ್ನೂ ಮೌಲ್ಯಮಾಪನ ಬರೆದಿಟ್ಟುಕೊಳ್ಳಬೇಕು.

ಹೋಲಿಸುವುದಕ್ಕೆಂದು ಕೆಲವು ಮಕ್ಕಳಿಗೆ ಹಣ ತಪ್ಪಿಸುವುದು ಕ್ರೌರ್ಯವಲ್ಲವೇ ಎಂದು ಕೇಳುವವರಿದ್ದಾರೆ. ಬೇಕೆಂದು ತಪ್ಪಿಸಿದರೆ ಖಂಡಿತ ಕ್ರೌರ್ಯವೇ. ಆದರೆ ಅನುದಾನಕ್ಕಾಗಿ ಕಾಯುವ ಮಕ್ಕಳು ಹೇಗೂ ಇರುತ್ತಾರೆ. ಅರ್ಜಿ ಕೊಟ್ಟ ದಿನವೇ ಅವರ ಊಟ, ಶಾಲೆ, ಸಾಲದ ವಿವರ ಬರೆದುಕೊಂಡು ವರ್ಷದ ಮೇಲೆ ಮತ್ತೆ ಕೇಳಬಹುದು. ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ನಮ್ಮಲ್ಲೇ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಲ್ಲಿ ಹಣವೂ ಇದೆ. ಮೊದಲು ಯಾದಗಿರಿಯ ಒಂದೇ ತಾಲ್ಲೂಕಿನಲ್ಲಿ ಮಾಡಿ ನೋಡಲಿ, ಗುಳೆ ಹೋಗುವ ಮುಂಚೆ ಒಮ್ಮೆ, ಅವರು ತಿರುಗಿ ಬಂದ ಮೇಲೆ ಒಮ್ಮೆ.