ಬೀಗ ಬಿದ್ದ ಫ್ಯಾಕ್ಟರಿಗಳನ್ನು ಪ್ರವಾಸಿ ತಾಣ ಮಾಡಬೇಕಾ?

ಪರ: ಮಾಲ್ ಏಳುವ ಮೊದಲು ಬಾಗಿಲು ತೆರೆಯಿರಿ

ಊರಿಂದ ನೆಂಟರು ಬಂದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತೇವೆ? ಲಾಲ್‌ಬಾಗ್, ಕಬ್ಬನ್ ಪಾರ್ಕ್, ಟಿಪ್ಪು ಅರಮನೆ, ವಿಧಾನಸೌಧದ ಮುಂದೆ ಒಂದು ಫೋಟೊ. ಅಲ್ಲಿಗೆ ಬೆಂಗಳೂರು ಮುಗಿಯಿತು. ಈ ಊರು ದಶಕಗಳ ಕಾಲ ಫ್ಯಾಕ್ಟರಿ ಸೈರನ್ ಕೇಳಿ ಏಳುತ್ತಿತ್ತು ಅನ್ನೋದು ಇವತ್ತಿನ ಮಕ್ಕಳಿಗೆ ಗೊತ್ತೇ ಇಲ್ಲ.

1884ರಲ್ಲಿ ಶುರುವಾದ ಬಟ್ಟೆ ಗಿರಣಿ ಮುಂದೆ ಬಿನ್ನಿ ಮಿಲ್ ಆಯಿತು. 1940ರಲ್ಲಿ ವಿಮಾನ ಕಟ್ಟುವ ಎಚ್‌ಎಎಲ್ ಬಂತು, 1948ರಲ್ಲಿ ಟೆಲಿಫೋನ್ ಮಾಡುವ ಐಟಿಐ, 1953ರಲ್ಲಿ ಮೆಷಿನ್ ಟೂಲ್ ಮಾಡುವ ಎಚ್‌ಎಂಟಿ, ಮರುವರ್ಷವೇ ಎಲೆಕ್ಟ್ರಾನಿಕ್ಸ್‌ನ ಬಿಇಎಲ್. ಅವುಗಳ ಸುತ್ತ ಕ್ವಾರ್ಟರ್ಸ್, ಸ್ಕೂಲು, ಆಸ್ಪತ್ರೆ, ಕನ್ನಡ ಸಂಘ ಎಲ್ಲ ಬೆಳೆದವು. ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರರು ಓದಿದ್ದು ಆ ಶಿಫ್ಟ್ ಸಂಬಳದಲ್ಲೇ. ಈಗ ಸಂಪಿಗೆ ರಸ್ತೆಯಲ್ಲಿ ರಾಜಾ ಮಿಲ್ ಇದ್ದ ಕಡೆ ಮಂತ್ರಿ ಮಾಲ್ ಇದೆ. ಬಿನ್ನಿ ಮಿಲ್ ಜಾಗದಲ್ಲೂ ಮಾಲು, ಅಪಾರ್ಟ್‌ಮೆಂಟು. ಎಸ್ಕಲೇಟರ್ ಹತ್ತುವವರಲ್ಲಿ ಎಷ್ಟು ಜನಕ್ಕೆ ಅಲ್ಲಿ ನೂಲು ತೆಗೆಯುತ್ತಿದ್ದರು ಅಂತ ಗೊತ್ತು?

ಉಳಿಸಿಕೊಂಡರೆ ಏನು ಸಿಗುತ್ತೆ ಅಂತ ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಂಗೆ ಹೋಗಿ ನೋಡಿ. ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಶುರುವಾದ ವಾಚ್ ತಯಾರಿಕೆಯ ಕಥೆ ಅಲ್ಲಿದೆ. ಜನತಾ, ಪೈಲಟ್, ಕಾಂಚನ್, ನಮ್ಮ ಅಪ್ಪಂದಿರ ಕೈಯಲ್ಲಿ ಇದ್ದದ್ದೆಲ್ಲ ಇದೆ. ಕೀ ಕೊಡುವ ವಾಚಿನ ಒಳಗೆ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಇರುತ್ತೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಅದನ್ನು ಎತ್ತಿ ಕೂರಿಸಬೇಕು. ಸ್ವಲ್ಪ ಬಾಗಿದರೂ ವಾಚ್ ಮುಂದೆ ಓಡುತ್ತೆ, ಇಲ್ಲ ಹಿಂದೆ ಬೀಳುತ್ತೆ. ಆ ಕೆಲಸ ಮಾಡಿದವರಲ್ಲಿ ಹೆಣ್ಣುಮಕ್ಕಳೂ ತುಂಬ ಜನ. ಅಂಥ ಕಡೆ ರಿಟೈರ್ ಆದ ಅಜ್ಜಿಯೊಬ್ಬರು ಮೊಮ್ಮಗಳಿಗೆ ವಿವರಿಸೋಕೆ ನಿಂತರೆ ಗೈಡ್ ಬೇಕಾಗಲ್ಲ.

ಇನ್ನೂ ಸರ್ಕಾರದ ಕೈಯಲ್ಲಿರುವ ಜಾಗಗಳಿವೆ. ಮೋಟರ್, ಟ್ರಾನ್ಸ್‌ಫಾರ್ಮರ್ ಮಾಡುತ್ತಿದ್ದ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಇದೆ. 1936ರಲ್ಲಿ ಶುರುವಾಗಿ ಮನೆಮನೆಗೆ ಬಲ್ಬು ಕೊಟ್ಟ ಮಲ್ಲೇಶ್ವರದ ಮೈಸೂರು ಲ್ಯಾಂಪ್ಸ್ ಇದೆ. ಖಾಲಿ ಬಿಟ್ಟರೆ ಇವತ್ತಲ್ಲ ನಾಳೆ ಯಾರಾದರೂ ಬೆಲೆ ಕಟ್ಟುತ್ತಾರೆ. ಜನ ಬಂದು ಹೋಗುವ ಜಾಗವನ್ನು ಸದ್ದಿಲ್ಲದೆ ಮಾರೋದು ಅಷ್ಟು ಸುಲಭ ಅಲ್ಲ. ನನಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ.

ವಿರೋಧ: ನಿಂತ ಯಂತ್ರಕ್ಕೆ ಬಣ್ಣ ಬಳಿದರೆ ಏನು ಬಂತು?

ಜಾಗ ಮಾರಬಾರದು ಅನ್ನೋದಕ್ಕೆ ನನ್ನ ತಕರಾರಿಲ್ಲ. ಪ್ರವಾಸಿ ತಾಣ ಮಾಡಿದರೆ ಫ್ಯಾಕ್ಟರಿ ಉಳಿದ ಹಾಗೆ ಅನ್ನೋದನ್ನು ಮಾತ್ರ ಒಪ್ಪಲ್ಲ.

ಲೋಹವನ್ನು ತಿರುಗಿಸಿ ಕೆತ್ತುವ ಲೇತ್ ಯಂತ್ರದ ಮೇಲೆ ಕೆಲಸ ಮಾಡಿದವರನ್ನು ಕೇಳಿ. ತಿರುಗುವ ಹಿಡಿಕೆಯಾದ ಚಕ್‌ನಲ್ಲಿ ಜಾಬ್ (ಕೆತ್ತಬೇಕಾದ ತುಂಡು) ಬಿಗಿದು, ಟೂಲ್ ತಾಗಿಸಿದರೆ ಕಬ್ಬಿಣದ ಚೂರು ನೀಲಿ ಬಣ್ಣಕ್ಕೆ ತಿರುಗಿ ಸುರುಳಿ ಸುರುಳಿಯಾಗಿ ಬರುತ್ತೆ. ಬಿಸಿ ತಣಿಸೋಕೆ ಬಿಡುವ ಹಾಲಿನಂಥ ಕೂಲೆಂಟ್ ನೀರು ಕೈಗೆಲ್ಲ ಹಾರುತ್ತೆ. ಟೂಲ್ ಮೊಂಡಾದರೆ ಲೇತ್ ನಡೆಸುವ ಒಳ್ಳೆ ಟರ್ನರ್‌ಗೆ ಸದ್ದಿನಲ್ಲೇ ಗೊತ್ತಾಗುತ್ತೆ, ನೋಡಬೇಕಾಗಿಲ್ಲ. ಅದೇ ಲೇತ್‌ಗೆ ಹಸಿರು ಬಣ್ಣ ಬಳಿದು, ಹಗ್ಗ ಕಟ್ಟಿ, ಪಕ್ಕದಲ್ಲಿ ಬೋರ್ಡ್ ಇಟ್ಟರೆ ಈ ವಿದ್ಯೆಯಲ್ಲಿ ಒಂದು ಗುಲಗಂಜಿಯಷ್ಟೂ ಉಳಿಯಲ್ಲ. ಮಕ್ಕಳು ಸುಮ್ನೆ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ.

ಟಿಕೆಟ್ ಇಟ್ಟ ಮೇಲೆ ಕಥೆಯೂ ನಯವಾಗುತ್ತೆ. 1980ರ ಡಿಸೆಂಬರ್‌ನಲ್ಲಿ ಇಲ್ಲಿನ ಪಬ್ಲಿಕ್ ಸೆಕ್ಟರ್ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಅದು 1981ರ ಮಾರ್ಚ್‌ವರೆಗೆ ಎಳೆಯಿತು. ಅಷ್ಟು ದಿನ ಸಂಬಳ ಇಲ್ಲದೆ ಮನೆ ನಡೆಸಿದವರು ಈ ಊರಲ್ಲಿ ಇನ್ನೂ ಇದ್ದಾರೆ. ಆಮೇಲೆ ವಿಆರ್‌ಎಸ್ ಬಂತು, ಅಂದರೆ ದುಡ್ಡು ಕೊಟ್ಟು ಅವಧಿಗೆ ಮುಂಚೆಯೇ ಸ್ವಯಂ ನಿವೃತ್ತಿ ಕೊಡಿಸುವ ಯೋಜನೆ. ನಲವತ್ತೈದು ದಾಟಿದ ಫಿಟ್ಟರ್‌ಗಳು ಸೆಕ್ಯೂರಿಟಿ ಕೆಲಸಕ್ಕೆ ಹೋದರು. ಭಾನುವಾರ ಕುಟುಂಬದ ಜೊತೆ ಬರುವ ಜನಕ್ಕೆ ಇದನ್ನು ಯಾರು ತೋರಿಸುತ್ತಾರೆ? ಹೊಳೆಯುವ ವಾಚು ತೋರಿಸುತ್ತಾರೆ.

ಇನ್ನೊಂದು ಮಾತು. ಬೆಂಗಳೂರಿನ ಕೈಗಾರಿಕೆ ಸತ್ತಿಲ್ಲ. ಎಚ್‌ಎಎಲ್ ಈಗಲೂ ವಿಮಾನ ಕಟ್ಟುತ್ತಿದೆ. ಪೀಣ್ಯದಲ್ಲಿ ಬೀದಿಗೆ ಬೀದಿಯೇ ಸಣ್ಣ ವರ್ಕ್‌ಶಾಪ್‌ಗಳಿವೆ. ದೊಡ್ಡ ಫ್ಯಾಕ್ಟರಿಗಳಿಗೆ ಬಿಡಿ ಭಾಗ ಮಾಡಿಕೊಡುತ್ತಲೇ ಅಲ್ಲಿನ ಎಷ್ಟೋ ಘಟಕಗಳು ಬೆಳೆದವು. ಅಲ್ಲಿನ ಮಾಲೀಕರ ಜೊತೆ ಐದು ನಿಮಿಷ ಮಾತಾಡಿ. ಮೆಷಿನ್ ಇದೆ, ಆರ್ಡರ್ ಇದೆ, ಕೈ ಪಳಗಿದ ಹುಡುಗರು ಸಿಗ್ತಿಲ್ಲ ಅಂತಾರೆ. ಮಳೆ ಬಂದರೆ ಲಾರಿ ಒಳಗೆ ಬರಲ್ಲ ಅನ್ನೋದು ಅದರ ಹಿಂದೆಯೇ ಬರುತ್ತೆ. ಪರಂಪರೆ ಹೆಸರಲ್ಲಿ ಖರ್ಚು ಮಾಡುವ ದುಡ್ಡು ಇಲ್ಲಿಗೆ ಬರಬೇಡವಾ?

ನಮ್ಮಲ್ಲೇ ದಾರಿ ಇದೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಜಿಟಿಟಿಸಿ ಅನ್ನೋ ಸರ್ಕಾರಿ ತರಬೇತಿ ಕೇಂದ್ರ ಹಳ್ಳಿಯಿಂದ ಬಂದ ಹುಡುಗ ಹುಡುಗಿಯರಿಗೆ ಟೂಲ್ ಮತ್ತು ಡೈ (ಅಚ್ಚು) ಕೆಲಸ ಕಲಿಸಿ ಬದುಕು ಕೊಟ್ಟಿದೆ. ಎನ್‌ಜಿಇಎಫ್ ಜಾಗದಲ್ಲಿ ಮರಗಳು ಇರಲಿ, ಟ್ರೀ ಪಾರ್ಕ್ ಆಗಲಿ, ಈ ಊರಿಗೆ ನೆರಳು ಬೇಕೇ ಬೇಕು. ಆದರೆ ಗಟ್ಟಿಯಾಗಿ ಉಳಿದಿರುವ ಶೆಡ್‌ಗಳನ್ನು ಅಂಥ ತರಬೇತಿಗೆ ಕೊಡಿ. ರಿಟೈರ್ ಆದ ಟರ್ನರ್, ಮೋಟರ್‌ಗೆ ತಂತಿ ಸುತ್ತುವ ವೈಂಡರ್‌ಗಳನ್ನು ಗೌರವಧನ ಕೊಟ್ಟು ಕಲಿಸೋಕೆ ಕರೆಯಿರಿ. ಶನಿವಾರ ಜನ ಬಂದು ಕೆಲಸ ನಡೆಯೋದನ್ನು ನೋಡಲಿ, ಬೇಡ ಅನ್ನಲ್ಲ. ಮೊದಲ ದುಡ್ಡು ಮಾತ್ರ ಮೆಷಿನ್‌ಗೆ, ಕಲಿಸುವವರ ಸಂಬಳಕ್ಕೆ ಹೋಗಬೇಕು. ಟಿಕೆಟ್ ಕೌಂಟರ್ ಆಮೇಲೆ ಕಟ್ಟಿದರಾಯಿತು.